ಬೋಳಾರದ ಮನೆ, ಗ್ರಾಂ ಲೆಕ್ಕದಲ್ಲಿ

ನಮ್ಮದು ಒಂದೇ ಪುಸ್ತಕ, ಎರಡು ಖಾತೆ.
ಎಡ ಪುಟದಲ್ಲಿ ಮನೆ, ಬಲ ಪುಟದಲ್ಲಿ ಉಂಗುರ.
ಆರು ಗ್ರಾಂ ಎಂದು ಶುರು ಮಾಡಿದ್ದು, ಇಬ್ಬರದೂ ಸೇರಿ,
ಜನವರಿಯಲ್ಲಿ.

ಆಮೇಲೆ ಬಚ್ಚಲ ಬಾಗಿಲಿನ ಬುಡ ಕೈಗೇ ಬಂತು,
ಚಾದಲ್ಲಿ ಅದ್ದಿದ ರಸ್ಕಿನ ಹಾಗೆ.
ಬಂದರಿನ ಗುಜರಿಯಲ್ಲಿ ಯಾವುದೋ ಶಾಲೆಯ ಬಾಗಿಲೊಂದು ಸಿಕ್ಕಿತು,
ಹಲಸಿನ ಮರದ್ದು, ಮೇಲೆ ಬಿಳಿ ಬಣ್ಣದಲ್ಲಿ ‘೭ ಬಿ’.
ಜೆಸಿಂತಾ ಬಲ ಪುಟ ತಿರುಗಿಸಿ ಬರೆದಳು:
ಕಾಲು ಗ್ರಾಂ ಹೋಯಿತು.

ಅಂದಿನಿಂದ ನಮಗೆ ರೂಪಾಯಿ ಮರೆತೇಹೋಯಿತು.
ಸಿಂಕು ಅರ್ಧ ಗ್ರಾಂ.
ಸೊಳ್ಳೆ ಬಲೆ, ಮೂರು ಕಿಟಕಿಗೆ, ಕಾಲಕ್ಕೂ ಕಡಿಮೆ.
ಪ್ಲಂಬರ್ ಹಿಲರಿ ಗೋಡೆಗೆ ಕಿವಿಯಿಟ್ಟು
‘ಒಳಗೆ ಪೈಪು ಅಳ್ತಾ ಉಂಟು ಮಾರಾಯ’ ಎಂದ ದಿನ
ಒಂದೇ ಏಟಿಗೆ ಒಂದೂವರೆ.

ನದಿ ಹತ್ತಿರ. ಗೋಡೆ ಉಪ್ಪು ಕಾರುತ್ತದೆ.
ಉಜ್ಜುತ್ತಾ ಹೋದರೆ ಹಳೇ ಬಾಡಿಗೆಯವರೆಲ್ಲ
ಒಬ್ಬೊಬ್ಬರಾಗಿ ಹೊರಗೆ ಬಂದರು:
ಗುಲಾಬಿ, ಅದರಡಿ ಆಸ್ಪತ್ರೆ ಹಸಿರು, ಅದರಡಿ ನೀಲಿ ಸುಣ್ಣ,
ಮತ್ತೆ ಯಾರ ಕಾಲದ್ದೋ ಕ್ಯಾಲೆಂಡರಿನ ಮೊಳೆ,
ಎಷ್ಟು ಎಳೆದರೂ ಬಾರದ್ದು.
ಮನೆಯೊಡತಿ ಐಸಮ್ಮ ಮೆಟ್ಟಿಲಲ್ಲೇ ನಿಂತು,
‘ಯಾವ ಬಣ್ಣ ಬೇಕಾದರೂ ಹೊಡೀರಿ, ಬಾಡಿಗೆ ಅದೇ.’

ಯಾರೋ ಬೆರೆಸಲು ಹೇಳಿ ಬೇಡವೆಂದು ಹೋದ ಬಣ್ಣ
ಅರ್ಧ ಬೆಲೆಗೆ ಸಿಕ್ಕಿತು. ಡಬ್ಬಿಗೆ ಹೆಸರಿರಲಿಲ್ಲ.
ಬೊಂಡದ ಗಂಜಿಯ ಬಣ್ಣ, ಅಂದಳು.
ನಂಗಿನ ಹೊಟ್ಟೆ, ಅಂದೆ ನಾನು.
ಹೊಡೆದು ನೋಡಿದರೆ ಎರಡೂ ಹೌದು.

ವಾಮನ ಶೇಟ್ ಅಳತೆಯ ಉಂಗುರಗಳ ಗೊಂಚಲು ಝಣಝಣಿಸಿ
ನನ್ನ ಬೆರಳಿಗೆ ಹದಿನೆಂಟು ಎಂದರು, ಬೆಳಿಗ್ಗೆ.
ರಾತ್ರಿಪಾಳಿ ಮುಗಿಸಿ, ದಕ್ಕೆಯ ಐಸ್ ಪ್ಲಾಂಟಿನಿಂದ
ಸೀದಾ ಹೋಗಿದ್ದೆ.
ಸಂಜೆ ಅವಳ ಜೊತೆ ಹೋದಾಗ ಇಪ್ಪತ್ತೊಂದು.
ಶೇಟ್ ಕನ್ನಡಕ ತೆಗೆದರು:
‘ಎಂತ ಇದು, ಹುಡುಗಿಗೆ ಇಬ್ಬರು ಗಂಡಂದಿರಾ?’

ಐಸಿನ ಕೈಗೆ ಮಾಡಿದರೆ ಬಿಸಿಲಲ್ಲಿ ಕೊಯ್ಯುತ್ತದೆ.
ಬಿಸಿಲಿನ ಕೈಗೆ ಮಾಡಿದರೆ ಐಸಿನಲ್ಲಿ ಜಾರುತ್ತದೆ,
ಜಾರಿ ಯಾವುದೋ ಬಂಗುಡೆ ಪೆಟ್ಟಿಗೆಗೆ ಬಿದ್ದು
ಬೆಳಗಾಗುವುದರೊಳಗೆ ಕೇರಳ ಮುಟ್ಟುತ್ತದೆ.

ಜೆಸಿಂತಾಳ ತಕರಾರು ಬೇರೆ.
ವಾರ್ಡಿನಲ್ಲಿ ನರ್ಸುಗಳು ಉಂಗುರ ಹಾಕುವ ಹಾಗಿಲ್ಲ;
ದಿನಕ್ಕೆ ಎಂಟು ಗಂಟೆ ಅದು ಪಿನ್ನಿನಲ್ಲಿ,
ಯೂನಿಫಾರ್ಮಿನ ಒಳಗೆ.
‘ಹಾಗಾದ್ರೆ ತೆಳ್ಳಗೇ ಸಾಕು,’ ಅಂದಳು,
ಶೇಟರಿಗಲ್ಲ, ನನಗಲ್ಲ, ಗಾಜಿನ ಕಪಾಟಿಗೆ.
ಅಲ್ಲಿ ಅಗಲದ್ದೊಂದಿತ್ತು.
ಅದನ್ನವಳು ಎರಡು ಸಲ ನೋಡಿದ್ದಳು.
ನಾನದನ್ನು ಪುಸ್ತಕದಲ್ಲಿ ಬರೆಯಲಿಲ್ಲ.
ಯಾವ ಪುಟದಲ್ಲಿ ಬರೆಯುವುದು?

ಅವಳ ಅಜ್ಜಿಯ ಒಂಟಿ ಓಲೆ ಕರಗಿಸಿಯೂ
ಒಟ್ಟು ಮೂರು ಗ್ರಾಂ ಚಿಲ್ಲರೆ.
ನನ್ನದಕ್ಕೆ ಹತ್ತೊಂಬತ್ತೂವರೆ, ನಡುವಿನ ಅಳತೆ;
ಎರಡು ಹೊತ್ತಿಗೂ ಸ್ವಲ್ಪ ತಪ್ಪು.
ಹೆಸರು ಕೆತ್ತಲು ದಪ್ಪ ಸಾಲದು ಎಂದರು.
ಅರದಿಂದ ಉದುರಿದ ಹುಡಿಯನ್ನು ಜೆಸಿಂತಾ
ಕೇಳಿಯೇಬಿಟ್ಟಳು.
ಶೇಟ್ ನಕ್ಕು, ಕಾಗದದಲ್ಲಿ ಮಡಚಿ ಕೊಟ್ಟರು:
‘ತೂಕ ಮಾತ್ರ ಹಾಕಬೇಡಿ, ತಕ್ಕಡಿಗೆ ನಾಚಿಕೆ ಆಗ್ತದೆ.’

ಮನೆಗೆ ಬಂದರೆ, ಅಡುಗೆಕೋಣೆಯ ಹೊಸ್ತಿಲ ಬಳಿ
ಮಧ್ಯಾಹ್ನ ಹಾಕಿದ ರೆಡ್ ಆಕ್ಸೈಡ್ ತೇಪೆ ಇನ್ನೂ ಹಸಿ.
ಅವಳು ಕುಕ್ಕರಗಾಲಲ್ಲಿ ಕೂತು ಪೊಟ್ಟಣ ಬಿಡಿಸಿದಳು.
‘ಹಾಕುವನಾ?’
‘ಹುಚ್ಚಾ ನಿಂಗೆ? ಬಾಡಿಗೆ ಮನೆ.’
‘ಹೌದಲ್ಲ,’ ಎನ್ನುತ್ತಲೇ ಊದಿದಳು.

ಏನೂ ಕಾಣಲಿಲ್ಲ.
ಬಲ್ಬು ಹಿಡಿದು ನೋಡಿದೆವು, ಆಗಲೂ ಇಲ್ಲ.
ಬೆಳಿಗ್ಗೆ ನಾನು ಪಾಳಿ ಮುಗಿಸಿ ಬಂದಾಗ
ಐಸಮ್ಮನ ಬೆಕ್ಕಿನ ಎರಡು ಹೆಜ್ಜೆ ಇತ್ತು ಅದರ ಮೇಲೆ,
ಮೂರನೆಯದು ಅರ್ಧ.

ಮದುವೆಗೆ ಇನ್ನು ಒಂಬತ್ತು ದಿನ.
‘೭ ಬಿ’ಗೆ ಚಿಲಕ ಇನ್ನೂ ಹಾಕಿಲ್ಲ.
ಸದ್ಯಕ್ಕೆ, ಒಳಗಿದ್ದವರು ಹಾಡುತ್ತಿರಬೇಕು.