ಕೆಳಮಡಿಕೆ

ಇಪ್ಪತ್ತೆರಡು ವರ್ಷ ನಾನು ಬರೀ ಜೇಬು ಹೊಲಿದವ.
ಕೌಲ್ ಬಜಾರಿನ ಈ ಓಣಿಯಲ್ಲಿ
ಒಬ್ಬ ಝಿಪ್ಪು, ಒಬ್ಬ ಸೊಂಟಪಟ್ಟಿ, ಒಬ್ಬ ಕಾಜ;
ಇಡೀ ಪ್ಯಾಂಟು ಯಾರ ಕೈಯಲ್ಲೂ ಹುಟ್ಟುವುದಿಲ್ಲ.

ಆ ಹುಡುಗ ಬಂದದ್ದು ಮಧ್ಯಾಹ್ನ, ಕರೆಂಟು ಹೋಗಿ
ಮಷಿನ್ನುಗಳೆಲ್ಲ ಬಾಯಿ ಮುಚ್ಚಿದಾಗ.
ಬಾಗಿಲಿಗೆ ತಲೆ ತಗ್ಗಿಸಿ ಒಳಬಂದ.
ಹೆಸರು ಮಕಾಮೆ. ಊರು ಜಾಂಜಿಬಾರ್.
ದೊಡ್ಡಾಸ್ಪತ್ರೆಯಲ್ಲಿ ಓದುವವ, ಕನ್ನಡ ಕಲಿತದ್ದು ರೋಗಿಗಳಿಂದ:
‘ಎಲ್ಲಿ ನೋಯ್ತದ?’ ಅಂತಲೇ ಶುರುಮಾಡಿ
ಬೇಕಾದ ಮಾತಿಗೆ ಬರುತ್ತಾನೆ.

‘ಕಾಂಜು ಬೇಕು’ ಅಂದ.
‘ಗಂಜಿಯಾ? ಮೂಲೆ ಖಾನಾವಳಿಯಾಗ ಕೇಳಪ್ಪ.’
ನಕ್ಕ. ಗಂಟು ಬಿಚ್ಚಿದ.

ಗಂಟಿನ ಬಟ್ಟೆ ಅವರಮ್ಮನ ಕಾಂಗಾ ಅಂತೆ,
ಸುತ್ತ ಗೋಡಂಬಿ ಚಿತ್ತಾರ, ಅಂಚಿನ ಮೇಲೆ ಒಂದು ಸಾಲು ಅಕ್ಷರ.
ಬಟ್ಟೆಗೆ ಮಾತು ಬರೆಸೋ ಊರೂ ಅದಾವೇನು!
ಓದಿಸಿ ಕೇಳಿದೆ:
‘ಹೋದವನ ಎತ್ತರ ಬಾಗಿಲಿಗೆ ಗೊತ್ತು.’

ಒಳಗೆ ಅಪ್ಪನ ನಿಲುವಂಗಿ. ಒಂದು ಕಾಲಕ್ಕೆ ಬಿಳಿ.
ಭುಜದಿಂದ ಕಣಕಾಲಿನವರೆಗೆ ಒಂದೇ ಇಳಿತ,
ನಡು ಇಲ್ಲ, ಬಿಗಿ ಎಂಬುದೇ ಇಲ್ಲ.
ಪಕ್ಕದ ಹೊಲಿಗೆಯಲ್ಲಿ ಒಂದು ಜೇಬು.
ಅಷ್ಟು ಮಾತ್ರ ನನಗೆ ಗುರುತಿನದು.

ತಿರುವಿದೆ. ಕೆಳಮಡಿಕೆಯಲ್ಲಿ ಸೂಜಿತೂತಿನ ಮೂರು ಸಾಲು;
ಒಬ್ಬನಿಗಿಂತ ಒಬ್ಬ ಎತ್ತರದವರು
ಬಿಚ್ಚಿ ಇಳಿಸಿ ತೊಟ್ಟಿರಬೇಕು.
ಯಾರೆಂದು ಕೇಳಲಿಲ್ಲ.
ಇನ್ನು ಇಳಿಸಲು ಬಟ್ಟೆ ಉಳಿದಿರಲಿಲ್ಲ.

ಶುಕ್ರವಾರ ಅಲ್ಲಿ ಅಕ್ಕನ ಮದುವೆ;
ಇವನು ಹಾಸ್ಟೆಲಿನಿಂದ ಫೋನಿನಲ್ಲಿ ನೋಡುವವ.
‘ಎದೀತನಕ ಕಂಡ್ರ ಆತಲ್ಲ ತಮ್ಮಾ,
ಮೊಣಕಾಲ ಕೆಳಗ ಯಾರು ನೋಡ್ತಾರ?’
‘ನಾ ನೋಡ್ತೀನಿ’ ಅಂದ.

ನಾಲ್ಕು ಮೀಟರ್ ಪಾಪ್ಲಿನ್, ಹಾಲಿನಂಥದು.
ನನ್ನ ಕೈ ನೀಲಿ. ಜೀನ್ಸಿನ ಬಣ್ಣ
ಉಗುರಿನೊಳಗೆ ಬಾಡಿಗೆ ಕೊಡದೆ ಕೂತಿದೆ.
ಹುಣಸೆಹಣ್ಣು, ಸೀಮೆಎಣ್ಣೆ ಹಚ್ಚಿ ತಿಕ್ಕಿ ತಿಕ್ಕಿ
ಎರಡು ರಾತ್ರಿ ಹೊಲಿದೆ.
ಕೊರಳ ಕಸೂತಿ, ಎದೆಗಿಳಿಯುವ ಕೆಂಪು ಕುಚ್ಚು
ಸುಮಿತ್ರಾಬಾಯಿಯ ಪಾಲು;
ಸೆರಗಿಗೆ ಕುಚ್ಚು ಕಟ್ಟಿ ಮಕ್ಕಳ ಫೀಸು ಕಟ್ಟಿದ ಬೆರಳು.

ಕಡೆಗೆ ಕಾಂಜುಗೆ ಗಂಜಿಯನ್ನೇ ಹಾಕಿದೆ.
ತೊಟ್ಟು ಓಣಿಗೆ ಇಳಿದ;
ಎದುರುಮನೆ ಹುಸೇನಬಿ ಯಾರೋ ಬೀಗರೆಂದು
ತಲೆಮೇಲೆ ಸೆರಗೆಳೆದಳು.

ಹೇಳದೆ ಉಳಿಸಿಕೊಂಡದ್ದು ಒಂದಿದೆ.
ಕೆಳಮಡಿಕೆಗೆ ನಾಲ್ಕು ಬೆರಳು ಬಟ್ಟೆ ಬಿಟ್ಟಿದ್ದೇನೆ.
ಅದರೊಳಗೆ, ಎಷ್ಟು ತಿಕ್ಕಿದರೂ ಹೋಗದ
ಒಂದು ನೀಲಿ ಹೆಬ್ಬೆರಳಚ್ಚು.
ಇವನಿಗಿಂತ ಎತ್ತರದವ ಹುಟ್ಟಿ
ಯಾರೋ ಕತ್ತರಿ ಹಿಡಿದು ಬಿಚ್ಚುವ ದಿನ
ಕಲೆ ಅನ್ನುತ್ತಾರೆ.
ಅನ್ನಲಿ.