ಹಾಜರಿ ಚೀಟಿ

ಕಾಲೇಜು ಎಂದಿದ್ದ ಬೋರ್ಡನ್ನು ಕೆರೆದು
ವಿಶ್ವವಿದ್ಯಾಲಯ ಎಂದು ಬರೆಸಿದ ವರ್ಷ
ಅಕ್ಷರ ಜಾಸ್ತಿಯಾಗಿ ಹಲಗೆ ಸಾಲಲಿಲ್ಲ,
ಕೊನೆಯದನ್ನು ಕಂಬದ ಮೇಲೆ ಬರೆದರು.
ವಿಶ್ವವೆಂದರೆ ಇಲ್ಲಿ
ಇನ್ನೂರ ಹದಿನಾಲ್ಕು ವಿದ್ಯಾರ್ಥಿಗಳು,
ಒಂದು ಪೆಟ್ರೋಲ್ ಬಂಕು,
ಅರ್ಧ ದಿನ ಮಾತ್ರ ತೆರೆಯುವ ಅಂಚೆ ಕಚೇರಿ,
ಮತ್ತೆ ರೈಲು ಹಳಿಯ ಪಕ್ಕದ ಕಾಂಕ್ರೀಟು ಕಣಜ.
ಚಾಪೆಲ್ಲಿನ ಶಿಲುಬೆಗಿಂತ ಅದು ಹತ್ತಾಳು ಎತ್ತರ.
ನೆಬ್ರಾಸ್ಕಾದ ಈ ಬಯಲಿಗೆ ಯಾರೇ ಬರಲಿ
ಮೊದಲು ಕಾಣುವುದು ಕಣಜ.
ದೇವರು ಆಮೇಲೆ, ತಿರುವು ದಾಟಿದ ಮೇಲೆ.

ಚಾಪೆಲ್ಲಿನ ಬಾಗಿಲಲ್ಲಿ ವರ್ಲೀನ್ ಓಸ್ಟರ್‌ಗಾರ್ಡ್
ಇಪ್ಪತ್ತಾರು ವರ್ಷದಿಂದ ಚೀಟಿ ಹಂಚುತ್ತಿದ್ದಾಳೆ.
ಹಳದಿ ಚೀಟಿ. ಸೆಮಿಸ್ಟರಿಗೆ ಇಪ್ಪತ್ತನಾಲ್ಕು ಕೂಡದಿದ್ದರೆ
ಪದವಿ ಇಲ್ಲ.
ನಿದ್ದೆಗಣ್ಣಲ್ಲೇ ಬಂದು ಕೂತವನಿಗೂ ಒಂದು,
ದೇವರ ಜೊತೆ ಮಾತು ಬಿಟ್ಟವಳಿಗೂ ಒಂದು.
‘ನನಗೆ ತಲೆ ಎಣಿಸಲು ಬರುತ್ತೆ,
ಅದರೊಳಗಿರೋದನ್ನಲ್ಲ’ ಅನ್ನುತ್ತಾಳೆ.

ಬೇಲಿಯಾಚೆ ಡೆಲ್ಮರ್ ಕ್ರೂಸನ ಮುಸುಕಿನ ಜೋಳ.
ಬೇಲಿ ದಾಟಿದ ಚೆಂಡು ಅವನು ಹಿಂದೆ ಕೊಟ್ಟದ್ದಿಲ್ಲ.
ಕೊಟ್ಟಿಗೆಯಲ್ಲಿ ಮೂವತ್ತೊಂದಿವೆ ಎಂದು ಒಬ್ಬರು,
ಎಲ್ಲದರ ಗಾಳಿಯನ್ನೂ ತೆಗೆದಿಟ್ಟಿದ್ದಾನೆ ಎಂದು ಇನ್ನೊಬ್ಬರು.
ಅವನಪ್ಪ ಬಿಟ್ಟುಕೊಟ್ಟ ಹನ್ನೆರಡು ಎಕರೆಯ ಕತೆ
ಅವನ ಬಾಯಲ್ಲಿ ಒಂದು ಥರ,
ಆಡಳಿತ ಮಂಡಳಿಯ ಕಡತದಲ್ಲಿ ಇನ್ನೊಂದು ಥರ.
ಭಾನುವಾರ ಅವನು ಹದಿನೆಂಟು ಮೈಲಿ ಓಡಿಸಿಕೊಂಡು ಹೋಗಿ
ಪರಊರಿನಲ್ಲಿ ಮೊಣಕಾಲೂರುತ್ತಾನೆ.

ಅಕ್ಟೋಬರಿನ ಒಂದು ಮಂಗಳವಾರ, ಒಣ ಗಾಳಿ.
ಥೋರಪ್ ಮೇಷ್ಟ್ರು ಗ್ರೀಕ್ ಕ್ರಿಯಾಪದ ಬರೆಯುತ್ತಿದ್ದರು:
ಆಗಿಹೋದದ್ದು,
ಆಗುತ್ತಲೇ ಇದ್ದದ್ದು,
ಮೂರನೆಯದಕ್ಕೆ ಸೀಮೆಸುಣ್ಣ ಎತ್ತಿದ್ದರು, ಊರಿನ ಸೈರನ್ ಕೂಗಿತು.
ಬೆಂಕಿ ಆರಿಸುವ ಹನ್ನೊಂದು ಮಂದಿಯಲ್ಲಿ ಅವರೂ ಒಬ್ಬರು.
ಸಂಬಳವಿಲ್ಲ. ಬೂಟು ಕಾರಿನ ಡಿಕ್ಕಿಯಲ್ಲಿ.
ಹಿಂದೆಯೇ ಇಡೀ ತರಗತಿ ಎದ್ದಿತು.
ಓಟದ ಸ್ಕಾಲರ್‌ಷಿಪ್ಪಿನಲ್ಲಿ ಎಲ್ಡೊರೆಟ್‌ನಿಂದ ಬಂದ ಚೆರೊಟಿಚ್
ಎಲ್ಲರಿಗಿಂತ ಮುಂಚೆ ಬೇಲಿ ಹಾರಿದ್ದಳು.

ಕಟಾವು ಯಂತ್ರದ ಬೇರಿಂಗು ಕಾದು ಕಿಡಿ ಸಿಡಿದಿತ್ತು.
ಒಣದಂಟಿನ ಮೇಲೆ ಬೆಂಕಿ ಓದಿದ ಹಾಗೆ ಓಡುತ್ತಿತ್ತು,
ಸಾಲು ಮುಗಿದರೆ ಸಾಲು.
ಗೋಣಿ ನೆನೆಸಿ ಬಡಿದರು. ಟ್ರ್ಯಾಕ್ಟರ್ ಹೊಡೆದು ಮಣ್ಣು ಮಗುಚಿದರು.
ಪ್ರಾರ್ಥನೆಗೆ ಯಾರಿಗೂ ಪುರಸೊತ್ತಿರಲಿಲ್ಲ.
ನಲ್ಲಿಯ ನೀರು ಸಣ್ಣಗಾದಾಗ ವರ್ಲೀನ್
ದೀಕ್ಷಾಸ್ನಾನದ ತೊಟ್ಟಿಗೆ ಬಕೆಟ್ಟಿಳಿಸಿದಳು, ಯಾರನ್ನೂ ಕೇಳದೆ,
ನಲವತ್ತು ಬಕೆಟ್, ಸಾಲು ನಿಂತ ಕೈಯಿಂದ ಕೈಗೆ.
ನೀರೆಲ್ಲಿ ಹೋಯಿತೆಂದು ಸಮಿತಿ ಆಮೇಲೆ ವಿಚಾರಿಸಿತು.
‘ಸೋರಿಕೆ’ ಎಂದು ದಾಖಲಾಯಿತು.

ಅರ್ಧ ಹೊಲ ಉಳಿಯಿತು. ಅರ್ಧ ಇಲ್ಲ.
ಡೆಲ್ಮರ್ ಸುಟ್ಟ ಕಡೆಗೇ ಮುಖ ಮಾಡಿ ನಿಂತಿದ್ದ,
ಉಪಕಾರ ಅಂತ ಒಂದು ಮಾತು ಹೊರಡಲಿಲ್ಲ.

ಮರುದಿನ ಹತ್ತು ಗಂಟೆಗೆ ಕಡೆಯ ಬೆಂಚಿನಲ್ಲಿ
ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ.
ಹಾಡಲಿಲ್ಲ. ತಲೆ ಬಾಗಿತ್ತೋ
ಬೂಟಿನ ಮಸಿ ನೋಡುತ್ತಿದ್ದನೋ.
ಮುಂದಿನ ಸಾಲುಗಳಲ್ಲೆಲ್ಲ ಸ್ನಾನ ಮಾಡಿದರೂ ಹೋಗದ ಹೊಗೆಯ ವಾಸನೆ.
ಹೊರಡುವಾಗ ವರ್ಲೀನಳ ಕೈ
ಅಭ್ಯಾಸಬಲದಿಂದ ಅವನಿಗೂ ಒಂದು ಚೀಟಿ ಚಾಚಿತು.
ಆಮೇಲೆ ಹಿಂದೆಗೆಯುವುದು ಹೇಗೆ?
‘ಇದಕ್ಕೇನು ಸಿಗುತ್ತೆ?’
‘ಏನಿಲ್ಲ. ಇನ್ನೂ ಇಪ್ಪತ್ತಮೂರು ಬೇಕು.’
ತಿರುಗಿಸಿ ನೋಡಿದ. ಟೋಪಿಯ ಪಟ್ಟಿಗೆ ಸಿಕ್ಕಿಸಿಕೊಂಡು
ಮೆಟ್ಟಿಲಿಳಿದು ಹೋದ.

ಥೋರಪ್ ಆ ವಾರ ಬೋರ್ಡು ಒರೆಸಲಿಲ್ಲ,
ಮೂರನೆಯ ಕಾಲವನ್ನು ಬರೆಯಲೂ ಇಲ್ಲ.
ಪರೀಕ್ಷೆಗೆ ಅದು ಬರುತ್ತೋ ಇಲ್ಲವೋ
ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ.

ಶನಿವಾರ ಚೆರೊಟಿಚ್ ಒದ್ದ ಚೆಂಡು
ಬೇಲಿ ದಾಟಿ ಕಪ್ಪು ನೆಲದಲ್ಲಿ ಉರುಳಿ
ಬಲು ದೂರದವರೆಗೂ ಕಾಣುತ್ತಿತ್ತು, ಅಡ್ಡಕ್ಕೆ ಏನೂ ಇರಲಿಲ್ಲ.
ಡೆಲ್ಮರ್ ಬಂದ, ಬಗ್ಗಿ ಎತ್ತಿಕೊಂಡ,
ಮಸಿ ಒರೆಸಿದ,
ಕೊಟ್ಟಿಗೆಯತ್ತ ನಡೆದ.

ಮೂವತ್ತೆರಡು.