ಕಪ್ಪು ನಾಲ್ಕು

ದಾವಣಗೆರೆ. ಮಂಡಕ್ಕಿ ಭಟ್ಟಿಯ ಮೇಲಿನ ಕೋಣೆ.
ಕೆಳಗಿನ ಕಾವಿಗೆ ತಂಬೂರಿಯ ತಂತಿ
ಗಳಿಗೆಗೊಮ್ಮೆ ಇಳಿಯುತ್ತದೆ.

‘ಇನ್ನೊಂದು ಕೂದಲೆಳೆ ಏರ್‍ಸು’ ಎನ್ನುತ್ತಾರೆ ಹಾಲೇಶಪ್ಪ,
ಮೂವತ್ತು ವರ್ಷ ಸ್ಪಿನ್ನಿಂಗ್ ಖಾತೆಯಲ್ಲಿದ್ದವರು.
ಮುಚ್ಚಿಹೋದ ಮಿಲ್ಲಿನ ಸೈರನ್ನು
ಅವರ ಕಿವಿಯಲ್ಲಿ ಈಗಲೂ ಕಪ್ಪು ನಾಲ್ಕು.
ನಾವು ಷಡ್ಜ ಹಿಡಿಯುವುದು ಅದಕ್ಕೇ.

ದಾದಾಪೀರ್ ಡಗ್ಗಕ್ಕೆ ಅಂಗೈ ಒತ್ತಿ ಕಾಯುತ್ತಾನೆ.
ಹರಿಹರದ ಬಸ್ಸಿನಲ್ಲಿ, ಟಿಕೆಟ್ಟಿನ ಬೆನ್ನಿಗೆ
ಗಂಗಾಂಬಿಕೆ ಟೀಚರು ಗೀಚಿಕೊಂಡ ಚೀಜು
ಇವತ್ತೇ ಮೊದಲು ಬಾಯಿಗೆ ಬರುತ್ತಿದೆ. ಮಾರ್ವಾ.
ಅಂತರಾದಲ್ಲಿ ಒಂದು ಮಾತ್ರೆ ಸಾಲದೆ
ನಗುತ್ತಾರೆ. ಮತ್ತೆ ಹಿಡಿಯುತ್ತಾರೆ.

ಕೆಳಗೆ, ಕಾದ ಮರಳಿನಲ್ಲಿ ಅಕ್ಕಿ ಅರಳುವ ಸದ್ದು.

ರಿಷಭದಲ್ಲಿ ನಿಂತು, ನಿಂತು,
ಷಡ್ಜಕ್ಕೆ ಬಾರದೆ ಸತಾಯಿಸಿ
ಕೊನೆಗೊಮ್ಮೆ ಟೀಚರು ಬಂದು ಮುಟ್ಟಿದಾಗ
ಹಾಲೇಶಪ್ಪ ಕಣ್ಣು ಮುಚ್ಚಿಕೊಂಡೇ
ಎದ್ದು ನಿಲ್ಲುತ್ತಾರೆ,
ಪಾಳಿ ಬಿಟ್ಟಂತೆ.